ಸಿಂಥ್ ಬೇಸ್‌ಗೆ (ಸಿಂಥಸೈಜರ್‌ನ ತಗ್ಗು ಸ್ವರದ ಸದ್ದಿಗೆ) ಆಟೊಮೇಷನ್ ಮಾಡಿದ ಮೇಲೂ ರೀಸ್ಯಾಂಪಲ್ ಮಾಡುವುದೇಕೆ?

ಸದ್ದಿನೊಳಗಿನ ಚಲನೆಯೂ ಸ್ವರದ ಜೊತೆಗೇ ಹಿಗ್ಗಿ ಕುಗ್ಗಲಿ ಎಂದು. ಆಟೊಮೇಷನ್ ಎಂದರೆ ಫಿಲ್ಟರ್‌ನಂಥ (ತೆರೆದಷ್ಟೂ ಸದ್ದನ್ನು ಹೊಳಪಾಗಿಸುವ) ಗುಂಡಿಯನ್ನು ತಾನಾಗಿ ತಿರುಗಿಸುವ ಗೆರೆ. ಸ್ವರ ಬದಲಾದರೂ ಅದು ತನ್ನ ವೇಗದಲ್ಲೇ ಸಾಗುತ್ತದೆ. ಬಂದ ಸದ್ದನ್ನು ಆಡಿಯೊ ಆಗಿ ರೆಕಾರ್ಡ್ ಮಾಡಿ ಸ್ಯಾಂಪ್ಲರ್‌ಗೆ, ಅಂದರೆ ರೆಕಾರ್ಡಾದ ಸದ್ದನ್ನು ಬೇರೆ ಬೇರೆ ಸ್ವರಗಳಲ್ಲಿ ನುಡಿಸುವ ಸಾಧನಕ್ಕೆ, ಹಾಕುವುದೇ ರೀಸ್ಯಾಂಪಲ್. ಆಗ ಲೆಕ್ಕವೇ ಬೇರೆ.

55 ಹರ್ಟ್ಸ್ ಸ್ವರದ ಮೇಲೆ ಫಿಲ್ಟರ್ 2 ಸೆಕೆಂಡಿನಲ್ಲಿ ತೆರೆದುಕೊಳ್ಳುತ್ತದೆ ಎನ್ನೋಣ. ಆ ರೆಕಾರ್ಡಿಂಗ್ ಅನ್ನು ಒಂದು ಸ್ಥಾಯಿ ಮೇಲೆ, 110 ಹರ್ಟ್ಸ್‌ನಲ್ಲಿ ನುಡಿಸಿದರೆ ಅದು ಎರಡರಷ್ಟು ವೇಗವಾಗಿ ಓಡುತ್ತದೆ. ಫಿಲ್ಟರ್ 1 ಸೆಕೆಂಡಿಗೇ ತೆರೆಯುತ್ತದೆ. ಮೂಲ ಸ್ವರಕ್ಕಿಂತ ಒಂದು ಸ್ಥಾಯಿ ಕೆಳಗೆ ಅದೇ ತೆರೆಯುವಿಕೆ 4 ಸೆಕೆಂಡು ಎಳೆದು, ಗುಡುಗು ದೂರ ಸರಿದಂತೆ ಕೇಳಿಸುತ್ತದೆ. ಈ ಕೆಳಸ್ಥಾಯಿಯೇ ನನಗೆ ಅಚ್ಚುಮೆಚ್ಚು. ಆದರೆ ಸ್ಯಾಂಪ್ಲರ್‌ನಲ್ಲಿ ಟೈಮ್ ಸ್ಟ್ರೆಚ್ ಆಫ್ ಇರಲೇಬೇಕು. ಆನ್ ಇದ್ದರೆ ಅದು ವೇಗವನ್ನು ಹಿಡಿದಿಟ್ಟು ಸ್ವರವನ್ನಷ್ಟೇ ಬದಲಿಸುತ್ತದೆ.