ಶ್ರೀಮಂತರ ತೆರಿಗೆ ಎಲ್ಲಿ ಸೋರುತ್ತದೆ?

ಪ್ರಶ್ನೆ: ಸರ್, ನಾನು ಸಂಬಳಕ್ಕೆ ದುಡಿಯುವವಳು. ದುಡ್ಡು ಕೈಗೆ ಬರುವ ಮೊದಲೇ ತೆರಿಗೆ ಮುರಿದುಕೊಂಡಿರುತ್ತಾರೆ. ದೊಡ್ಡ ಶ್ರೀಮಂತರು ನಮಗಿಂತ ಕಡಿಮೆ ದರದಲ್ಲಿ ಕಟ್ಟುತ್ತಾರೆ ಅಂತ ಅಣ್ಣ ಹೇಳುತ್ತಾನೆ. ಸರ್ಕಾರ ನಡೆಯುವುದೇ ಅವರ ತೆರಿಗೆಯಿಂದ ಅನ್ನುತ್ತಾರೆ ನಮ್ಮ ಯಜಮಾನರು. ಯಾರ ಮಾತು ನಿಜ?

ಉತ್ತರ: ಇಬ್ಬರ ಮಾತಿನಲ್ಲೂ ನಿಜವಿದೆ. ಜಗಳ ಮುಗಿಯದಿರುವುದು ಅದಕ್ಕೇ ಇರಬೇಕು.

ಅಂಕಿಅಂಶಕ್ಕೆ ಅಮೆರಿಕವನ್ನೇ ಉದಾಹರಣೆಗೆ ಹಿಡಿಯುತ್ತೇನೆ. ಯಜಮಾನರದು ಮೊದಲು. ಅಮೆರಿಕದ ಕೇಂದ್ರ ಸರ್ಕಾರದ ಆದಾಯ ತೆರಿಗೆಯಲ್ಲಿ ಸುಮಾರು ಶೇ 40ರಷ್ಟು, ಅತಿ ಹೆಚ್ಚು ಆದಾಯದ ಶೇ 1ರಷ್ಟು ಮಂದಿಯಿಂದಲೇ ಬರುತ್ತದೆ. ಆದರೆ ಆ ಗುಂಪಿನಲ್ಲಿ ದೊಡ್ಡ ಸಂಬಳದ ಡಾಕ್ಟರು, ವಕೀಲರೂ ಇದ್ದಾರೆ. ಅವರು ನಿಜಕ್ಕೂ ಚೆನ್ನಾಗಿ ಕಟ್ಟುತ್ತಾರೆ. ಸಾಮಾನು ಕೊಂಡಾಗ ಬಡವರೂ ಅದೇ ದರದಲ್ಲಿ ಕೊಡುವ ಮಾರಾಟ ತೆರಿಗೆ ಈ ಲೆಕ್ಕದಲ್ಲಿ ಇಲ್ಲ.

ಇನ್ನು ಅಣ್ಣನದು. ಅಮೆರಿಕದ ದೊಡ್ಡ ಶ್ರೀಮಂತ, ಷೇರು ಹೂಡಿಕೆದಾರ ವಾರನ್ ಬಫೆಟ್ 2011ರಲ್ಲಿ ಪತ್ರಿಕೆಯೊಂದರಲ್ಲಿ ತಮ್ಮ ಲೆಕ್ಕವನ್ನೇ ಬಿಚ್ಚಿಟ್ಟರು. ಹಿಂದಿನ ವರ್ಷಕ್ಕೆ ಅವರ ತೆರಿಗೆ 69,38,744 ಡಾಲರ್. ದೊಡ್ಡ ಮೊತ್ತವೇ, ಅಲ್ವಾ? ತೆರಿಗೆ ಬೀಳುವ ಆದಾಯಕ್ಕೆ ಹೋಲಿಸಿದರೆ ಶೇ 17.4 ಮಾತ್ರ. ಅವರದೇ ಆಫೀಸಿನ ಉಳಿದ 20 ಜನರ ದರ ಶೇ 33ರಿಂದ 41. ಸಂಬಳದ ಮೇಲಿನ ಪೇರೋಲ್ ತೆರಿಗೆಯನ್ನೂ ಸೇರಿಸಿದ ಲೆಕ್ಕ ಇದು. ಕಳ್ಳಲೆಕ್ಕ ಏನೂ ಇಲ್ಲ. ಷೇರಿನ ಲಾಭಕ್ಕೆ ಒಂದು ದರ, ದುಡಿಮೆಗೆ ಇನ್ನೊಂದು, ಕಾನೂನೇ ಹಾಗೆ.

ಬೇರೆಯವರ ಲೆಕ್ಕಪತ್ರ ಬರೆದೇ ಹೊಟ್ಟೆ ಹೊರೆದವನು ನಾನು. ಸುಮ್ನೆ ದರ ಹಿಡಿದು ಜಗ್ಗಾಡಿದರೆ ಅಸಲು ವಿಷಯ ಕೈತಪ್ಪುತ್ತದೆ. ಒಬ್ಬರ ಬಳಿ 100 ಕೋಟಿಯ ಷೇರು ಇದೆ ಅನ್ನಿ. ವರ್ಷದೊಳಗೆ ಅದು 120 ಕೋಟಿಯಾಯಿತು. ಮಾರಲಿಲ್ಲ, ಹಾಗಾಗಿ ಆ 20 ಕೋಟಿ ರಿಟರ್ನ್ಸ್‌ನಲ್ಲಿ ಕಾಣುವುದೇ ಇಲ್ಲ. ಖರ್ಚಿಗೆ? ಷೇರು ಒತ್ತೆ ಇಟ್ಟು ಬ್ಯಾಂಕಿನಲ್ಲಿ ಸಾಲ ಎತ್ತುತ್ತಾರೆ. ಸಾಲ ಆದಾಯವಲ್ಲ, ತೆರಿಗೆಯೂ ಇಲ್ಲ. ಅಮೆರಿಕದಲ್ಲಿ ಅವರು ತೀರಿಕೊಂಡರೆ ಮಕ್ಕಳ ಲೆಕ್ಕ ಶುರುವಾಗುವುದು ಆ ದಿನದ ಬೆಲೆಯಿಂದ. ಅಲ್ಲಿಯವರೆಗಿನ ಲಾಭಕ್ಕೆ ಆದಾಯ ತೆರಿಗೆ ಬೀಳುವುದೇ ಇಲ್ಲ. ಬಿಟ್ಟುಹೋದ ಆಸ್ತಿಗೆ ಬೇರೆ ತೆರಿಗೆ ಇದೆ, ನಿಜ. ಟ್ರಸ್ಟ್ ಮಾಡಿಸಿ ಅದನ್ನೂ ತಗ್ಗಿಸಿಕೊಡುವ ವಕೀಲರಿಗೆ ಬರವಿಲ್ಲ.

ಪ್ರೊಪಬ್ಲಿಕಾ ಎಂಬ ಸುದ್ದಿಸಂಸ್ಥೆ 2021ರಲ್ಲಿ ಇದನ್ನು ಅಳೆದು ತೋರಿಸಿತು. 2014ರಿಂದ 2018ರವರೆಗೆ 25 ಅತಿ ಶ್ರೀಮಂತ ಅಮೆರಿಕನ್ನರ ಸಂಪತ್ತು 401 ಬಿಲಿಯನ್ ಡಾಲರ್ ಏರಿತ್ತು. ಕಟ್ಟಿದ ಆದಾಯ ತೆರಿಗೆ 13.6 ಬಿಲಿಯನ್. ಏರಿದ್ದರಲ್ಲಿ ಶೇ 3.4.

ಹಾಗಾದರೆ ವರ್ಷ ವರ್ಷ ಏರಿದ ಬೆಲೆಗೇ ತೆರಿಗೆ ಹಾಕಬಹುದಲ್ಲ ಅಂತೀರಿ. ಮರುವರ್ಷ ಬೆಲೆ ಬಿದ್ದರೆ ವಾಪಸ್ ಕೊಡಬೇಕಾ? ಷೇರುಪೇಟೆಗೆ ಬಾರದ ಮನೆತನದ ಕಂಪನಿಗೆ ಬೆಲೆ ಕಟ್ಟುವವರು ಯಾರು? ಅರ್ಥಶಾಸ್ತ್ರಜ್ಞ ಗ್ಯಾಬ್ರಿಯಲ್ ಜುಕ್ಮನ್ 2024ರಲ್ಲಿ ಜಿ20 ದೇಶಗಳ ಮುಂದೆ ಇನ್ನೊಂದು ದಾರಿ ಇಟ್ಟರು: ಬಿಲಿಯನೇರ್‌ಗಳು ವರ್ಷಕ್ಕೆ ಸಂಪತ್ತಿನ ಶೇ 2ರಷ್ಟಾದರೂ ತೆರಿಗೆ ಕಟ್ಟಲಿ ಅಂತ. ಎಲ್ಲ ದೇಶಗಳೂ ಒಟ್ಟಿಗೆ ಒಪ್ಪುವುದು ಕಷ್ಟ.

ನನ್ನ ಕೇಳಿದರೆ, ಒತ್ತೆ ಸಾಲ ಎತ್ತಿದ ದಿನವೇ ಅಷ್ಟು ಲಾಭ ಕೈಗೆ ಬಂತು ಅಂತ ಎಣಿಸಬೇಕು. ಸಾವಿನ ಹೊತ್ತಿನ ತೂತನ್ನು ಮುಚ್ಚುವುದಂತೂ ಹೊಸದೇನಲ್ಲ. ಕೆನಡಾದಲ್ಲಿ ಒಬ್ಬರು ಸತ್ತರೆ ಅವರ ಆಸ್ತಿಯನ್ನು ಆಗಲೇ ಮಾರಿದಂತೆ ಲೆಕ್ಕ ಹಾಕಿ ಲಾಭಕ್ಕೆ ತೆರಿಗೆ ವಸೂಲು ಮಾಡುತ್ತಾರೆ. ಗಂಡನಿಗೋ ಹೆಂಡತಿಗೋ ಹೋದರೆ ಮುಂದಕ್ಕೆ ಹಾಕಬಹುದು. ಮಕ್ಕಳಿಗೆ ಹೋಗುವ ಷೇರಿಗೆ ಸಾಮಾನ್ಯವಾಗಿ ಆ ರಿಯಾಯಿತಿ ಇಲ್ಲ.