ಗೊರಕೆಯ ಪರೀಕ್ಷೆ, ತಿರಸ್ಕೃತ ಕ್ಲೇಮು

ಪ್ರಶ್ನೆ: ನಮ್ಮ ಯಜಮಾನರು ಕಾರವಾರದಿಂದ ಹುಬ್ಬಳ್ಳಿಗೆ ರಾತ್ರಿ ಮೀನಿನ ಲಾರಿ ಓಡಿಸುತ್ತಾರೆ. ವಿಪರೀತ ಗೊರಕೆ, ನಡುನಡುವೆ ಉಸಿರೇ ನಿಲ್ಲುತ್ತದೆ. ಅರಬೈಲ್ ಘಟ್ಟದಲ್ಲಿ ಸ್ಟೇರಿಂಗ್ ಹಿಡಿದಂತೆಯೇ ತೂಕಡಿಸಿದರಂತೆ. ಆಸ್ಪತ್ರೆಯಲ್ಲಿ ಒಂದು ರಾತ್ರಿ ಮಲಗಿಸಿ ನಿದ್ರೆಯ ಪರೀಕ್ಷೆ ಮಾಡಿದರು. ಬಿಲ್ಲು 14,200 ರೂಪಾಯಿ. ವಿಮಾ ಕಂಪನಿ ಕೊಡುವುದಿಲ್ಲ ಎನ್ನುತ್ತಿದೆ. ಏನು ಮಾಡಲಿ?
– ಓದುಗರು, ಅಂಕೋಲಾ

ಉತ್ತರ: ತಂಗೀ, ನೀವು ಕಳಿಸಿದ ಕಾಗದಗಳನ್ನು ಎರಡು ಸಲ ಓದಿದೆ. ರಾತ್ರಿ 9ಕ್ಕೆ ದಾಖಲು, ಬೆಳಿಗ್ಗೆ 6.30ಕ್ಕೆ ಬಿಡುಗಡೆ. ಸಾಮಾನ್ಯ ಪಾಲಿಸಿ 24 ಗಂಟೆಯ ದಾಖಲಾತಿ ಕೇಳುತ್ತದೆ. ಅಷ್ಟು ಹೊತ್ತು ಇದ್ದಿದ್ದರೂ, ಬರೀ ತಪಾಸಣೆಗೆಂದೇ ದಾಖಲಾದರೆ ಹಣ ಕೊಡುವುದಿಲ್ಲವೆಂದು ಪಾಲಿಸಿಯಲ್ಲೇ ಇದೆ. ಶಿರಸಿಯ ವಿಮಾ ಕಚೇರಿಯಲ್ಲಿ ಮೂವತ್ತೊಂದು ವರ್ಷ ಕುಳಿತವನು ನಾನು. ಎಷ್ಟೋ ಮನೆಗಳು ಈ ಸಾಲಿಗೆ ಎಡವಿದ್ದನ್ನು ಕಂಡಿದ್ದೇನೆ. ಎರಡು ದಿನ ದಾಖಲಾಗಿದ್ದಂತೆ ಬರೆಸಿಕೊಳ್ಳಿ ಎಂದು ಯಾರಾದರೂ ಹೇಳಿಯಾರು, ಖಂಡಿತ ಬೇಡ. ಸಿಕ್ಕಿಬಿದ್ದರೆ ಪಾಲಿಸಿಯೇ ರದ್ದಾಗುತ್ತದೆ.

ಹಾಗೆಂದು ಬಾಗಿಲು ಪೂರ್ತಿ ಮುಚ್ಚಿಲ್ಲ. ಪಾಲಿಸಿಯಲ್ಲಿ ಹೊರರೋಗಿ ವೆಚ್ಚದ ಸೌಲಭ್ಯವಿದೆಯೇ ನೋಡಿ. ಮೂಗಿಗೋ ಟಾನ್ಸಿಲ್‌ಗೋ ಶಸ್ತ್ರಚಿಕಿತ್ಸೆ ಬೇಕೆಂದು ವೈದ್ಯರು ಹೇಳಿ, ಆ ದಾಖಲಾತಿಯನ್ನು ಕಂಪನಿ ಒಪ್ಪಿದರೆ, ಅದಕ್ಕೆ ಮುಂಚಿನ 30 ದಿನಗಳ ತಪಾಸಣೆಯ ಖರ್ಚನ್ನೂ ಅನೇಕ ಪಾಲಿಸಿಗಳು ಕೊಡುತ್ತವೆ. ಮೂಲ ರಸೀದಿ, ವೈದ್ಯರ ಚೀಟಿ ಜೋಪಾನವಾಗಿಡಿ. ಉಸಿರು ನಿಲ್ಲದಂತೆ ಮಲಗುವಾಗ ಮುಖಕ್ಕೆ ಹಾಕುವ ಸಿಪ್ಯಾಪ್ ಯಂತ್ರಕ್ಕೆ ಬಹಳ ಪಾಲಿಸಿಗಳಲ್ಲಿ ಹಣವಿಲ್ಲ. ಕೊಳ್ಳುವ ಮೊದಲೇ ಕಂಪನಿಯಿಂದ ಬರಹದಲ್ಲಿ ಉತ್ತರ ಪಡೆಯಿರಿ.

ಇನ್ನೊಂದು ಮಾತು. ವೈದ್ಯರ ಚೀಟಿಯಲ್ಲಿ ‘ಹತ್ತು ವರ್ಷದಿಂದ ಗೊರಕೆ’ ಎಂದಿದೆ. ನೀವು ಪತ್ರದಲ್ಲಿ ಬರೆದದ್ದು ಹತ್ತು ತಿಂಗಳು. ನಿಮ್ಮದೇ ನಿಜವಾದರೆ ಅದೇ ವೈದ್ಯರಿಂದ ತಿದ್ದಿಸಿ ಸಹಿ ಹಾಕಿಸಿಕೊಳ್ಳಿ. ಇಲ್ಲದಿದ್ದರೆ, ಮೊದಲೇ ಇದ್ದ ಕಾಯಿಲೆಯೆಂದು ನಾಳಿನ ಶಸ್ತ್ರಚಿಕಿತ್ಸೆಯ ಕ್ಲೇಮಿಗೂ ಅಡ್ಡ ಬರಬಹುದು.

ಹಣಕ್ಕಿಂತ ನನ್ನನ್ನು ಕಾಡಿದ್ದು ವರದಿಯ ಎರಡನೇ ಪುಟ. ಗಂಟೆಗೆ 42 ಸಲ ಉಸಿರು ತಡೆದಿದೆ ಅಥವಾ ಕುಗ್ಗಿದೆ. 30 ದಾಟಿದರೇ ತೀವ್ರ. ನನ್ನ ಅಣ್ಣನ ಗೊರಕೆಗೆ ನಾವೆಲ್ಲ ನಗುತ್ತಿದ್ದೆವು, ಆ ನಗು ಇಂದಿಗೂ ಎದೆಯಲ್ಲಿ ಚುಚ್ಚುತ್ತದೆ. ವೈದ್ಯರು ಒಪ್ಪುವವರೆಗೆ ನಿಮ್ಮವರು ಹಗಲಾಗಲಿ ರಾತ್ರಿಯಾಗಲಿ ಲಾರಿ ಹತ್ತುವುದು ಬೇಡ. ಆ ಪುಟದ ನಕಲನ್ನು ಲಾರಿ ಮಾಲೀಕರಿಗೆ ಇಂದೇ ತೋರಿಸಿ.