ಧ್ರುವ ಸಾಗರದ ಮಂಜುಗಡ್ಡೆ ಕರಗಿದರೆ ಅಲ್ಲಿನ ಸಿಹಿನೀರು ಏನಾಗುತ್ತದೆ?

ಸಮುದ್ರದ ನೀರು ಹೆಪ್ಪುಗಟ್ಟುವಾಗ ಉಪ್ಪನ್ನು ಹೊರಗೆ ತಳ್ಳುತ್ತದೆ. ಒಂದು ಕಿಲೋ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದ್ದರೆ, ವರ್ಷಗಟ್ಟಲೆ ಹಳೆಯ ಮಂಜುಗಡ್ಡೆಯಲ್ಲಿ ಸಾಮಾನ್ಯವಾಗಿ 5 ಗ್ರಾಂ ಕೂಡ ಇರುವುದಿಲ್ಲ. ಹಾಗಾಗಿ ಅದು ಕರಗಿದರೆ ಮೇಲ್ಪದರಕ್ಕೆ ಸೇರುವುದು ಹೆಚ್ಚುಕಡಿಮೆ ಸಿಹಿನೀರೇ.

ಈ ನೀರು ಹಗುರ, ಸುಲಭವಾಗಿ ಬೆರೆಯುವುದಿಲ್ಲ. ನಮ್ಮ ಕಾರವಾರದಲ್ಲಿ ಮಳೆಗಾಲಕ್ಕೆ ಕೋಡಿಬಾಗದ ಹತ್ತಿರ ಕಾಳಿ ನದಿಯ ಕೆಂಪು ನೀರು ಕಡಲ ಮೇಲೆ ಹರಡುತ್ತದೆ, ಉಪ್ಪುನೀರು ಅಡಿಯಲ್ಲಿರುತ್ತದೆ ಅಲ್ವಾ? ಅಲ್ಲೂ ಹಾಗೇ.

ತೊಂದರೆ ಏನೆಂದರೆ, ಈ ಪದರ ದಪ್ಪವಾದಷ್ಟೂ ಆಳದ ಪೋಷಕಾಂಶ ಮೇಲೆ ಬರುವುದು ಕಷ್ಟ. ಪಾಚಿ ಕಡಿಮೆಯಾದರೆ ಮೀನಿಗೂ ಪೆಟ್ಟು.

ಆರ್ಕ್ಟಿಕ್‌ನ ಬೋಫೋರ್ಟ್ ಸುಳಿಯಲ್ಲಿ (ಅಲಾಸ್ಕಾ, ಕೆನಡಾದ ಉತ್ತರಕ್ಕೆ ಗುಂಡಗೆ ತಿರುಗುವ ದೊಡ್ಡ ಕಡಲ ಪ್ರವಾಹ) 1990ರ ದಶಕದ ನಂತರ ಸಿಹಿನೀರು ಜಾಸ್ತಿ ಸೇರಿಕೊಂಡಿದೆ. ಅದಕ್ಕೆ ಬರೀ ಮಂಜಲ್ಲ, ನದಿ ಮತ್ತು ಗಾಳಿಯೂ ಕಾರಣ. ನನಗೆ ಹೆಚ್ಚು ಚಿಂತೆ ಇದರದ್ದೇ: ಆ ನೀರು ಅಟ್ಲಾಂಟಿಕ್‌ಗೆ ನುಗ್ಗಿದರೆ, ಅಲ್ಲಿ ತಣ್ಣಗಾಗಿ ಆಳಕ್ಕೆ ಮುಳುಗುವ ಉಪ್ಪುನೀರಿನ ಓಟ ನಿಧಾನವಾಗಬಹುದು.